ಜ್ವರ ಬಿಟ್ಟ ಮೇಲೆ ನೋಡಬೇಕಾದದ್ದು

ಮಳೆಗಾಲದಲ್ಲಿ ಮನೆಯಲ್ಲೊಬ್ಬರಿಗೆ ಮೈ ಬಿಸಿಯಾದರೆ ಮೊದಲು ಬರುವ ಪ್ರಶ್ನೆ ಒಂದೇ: ಇದು ಬರೀ ವೈರಲ್ ಜ್ವರವೋ, ಡೆಂಗಿಯೋ? 2024ರ ಮಳೆಗಾಲ ಕಂಡವರಿಗೆ ಈ ಭಯ ಹೊಸದಲ್ಲ. ಆ ವರ್ಷ ಸೆಪ್ಟೆಂಬರ್ ಹೊತ್ತಿಗೆ ರಾಜ್ಯದಲ್ಲಿ 24 ಸಾವಿರಕ್ಕೂ ಹೆಚ್ಚು ಪ್ರಕರಣಗಳು ದೃಢಪಟ್ಟು, ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ ಅಧಿಸೂಚನೆ ಹೊರಡಿಸಿತು. ಮನೆಯಂಗಳದಲ್ಲಿ ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡವನ್ನೂ ಗೊತ್ತುಮಾಡಿತು. ಭಯಕ್ಕೆ ಕಾರಣವಿದೆ. ಆದರೆ ಆ ಪ್ರಶ್ನೆಯನ್ನು ನಾವು ಕೇಳುವ ಹೊತ್ತು ಸರಿಯಿಲ್ಲ ಎಂಬುದು ಈ ಲೇಖನದ ವಾದ. ಜ್ವರದ ಮೊದಲ ಎರಡು ಮೂರು ದಿನ ಅದಕ್ಕೆ ಖಚಿತ ಉತ್ತರ ಹೇಳುವುದು ನುರಿತ ವೈದ್ಯರಿಗೂ ಕಷ್ಟ, ಮತ್ತು ಆ ದಿನಗಳಲ್ಲಿ ಉತ್ತರ ಸಿಕ್ಕರೂ ಚಿಕಿತ್ಸೆಯಲ್ಲಿ ಹೆಚ್ಚಿನ ಬದಲಾವಣೆಯಾಗುವುದಿಲ್ಲ. ಜೀವ ಉಳಿಸುವ ವ್ಯತ್ಯಾಸ ಕಾಣಿಸಿಕೊಳ್ಳುವುದು ಜ್ವರ ಬಿಡುವಾಗ. ನಾವೋ, ಜ್ವರ ಬಿಟ್ಟಿತೆಂದು ನಿಟ್ಟುಸಿರುಬಿಟ್ಟು ರೋಗಿಯ ಮೇಲಿನ ಗಮನ ತೆಗೆಯುವುದೂ ಸರಿಯಾಗಿ ಆ ಹೊತ್ತಿಗೇ.

ಮೊದಲು ಲಕ್ಷಣಗಳನ್ನೇ ನೋಡೋಣ. ಡೆಂಗಿಯ ಲಕ್ಷಣಗಳೆಂದು ಗೋಡೆಯ ಮೇಲಿನ ಭಿತ್ತಿಪತ್ರಗಳು ಹೇಳುವುದು ಸುಳ್ಳಲ್ಲ. ಇದ್ದಕ್ಕಿದ್ದಂತೆ ಏರುವ 103-104 ಡಿಗ್ರಿ ಜ್ವರ, ಹಣೆ ಸಿಡಿಯುವಂಥ ತಲೆನೋವು, ಕಣ್ಣುಗುಡ್ಡೆ ಆಡಿಸಿದರೆ ಅದರ ಹಿಂದೆ ಎದ್ದುಬರುವ ನೋವು, ಸೊಂಟ ಮತ್ತು ಕೈಕಾಲಿನ ಸೆಳೆತ, ವಾಕರಿಕೆ, ಕೆಂಪೇರಿದ ಮುಖ, ಮೈಮೇಲೆ ಕೆಂಪು ಗಂಧೆ. ತೊಂದರೆಯೇನೆಂದರೆ ಇವುಗಳಲ್ಲಿ ಒಂದೂ ಡೆಂಗಿಗಷ್ಟೇ ಮೀಸಲಲ್ಲ. ಫ್ಲೂ ಬಂದವರಿಗೂ ಮೈಕೈ ಹಿಂಡುತ್ತದೆ, ಕಣ್ಣು ನೋಯುತ್ತದೆ. ಮಕ್ಕಳಲ್ಲಿ ಹತ್ತಾರು ಬಗೆಯ ವೈರಸ್‌ಗಳು ಗಂಧೆ ಎಬ್ಬಿಸುತ್ತವೆ. ಮೂಗು ಸೋರುತ್ತಿದ್ದರೆ, ಕೆಮ್ಮು ಗಂಟಲುನೋವು ಮುಂದಾಗಿದ್ದರೆ ಶ್ವಾಸಕೋಶದ ದಾರಿಯ ಸಾಮಾನ್ಯ ಸೋಂಕಿನ ಕಡೆಗೆ ತಕ್ಕಡಿ ವಾಲುತ್ತದೆ ಎಂಬುದು ನಿಜ, ಮತ್ತು ಇದು ಉಪಯೋಗಕ್ಕೆ ಬರುವ ಸುಳಿವು. ಆದರೂ ಡೆಂಗಿ ಬಂದ ಕೆಲವರಲ್ಲಿ ಗಂಟಲು ಕೆಂಪಾಗಿರುತ್ತದೆ, ಮಕ್ಕಳಲ್ಲಿ ತುಸು ನೆಗಡಿಯೂ ಇರಬಹುದು. ತೋಳಿಗೆ ಬಿ.ಪಿ. ಪಟ್ಟಿ ಬಿಗಿದು ಐದು ನಿಮಿಷ ಬಿಟ್ಟು ಚರ್ಮದಡಿ ಕೆಂಪು ಚುಕ್ಕೆ ಎಣಿಸುವ ಹಳೆಯ ಪರೀಕ್ಷೆಯೂ ಡೆಂಗಿ ಇದ್ದ ಅನೇಕರನ್ನು ಬಿಟ್ಟುಬಿಡುತ್ತದೆ. ಇದಕ್ಕೆಲ್ಲ ಮೂಲ ಕಾರಣ ಸರಳವಾದದ್ದು. ಡೆಂಗಿಯೂ ವೈರಸ್ಸಿನಿಂದಲೇ ಬರುವ ಜ್ವರ. ಆರಂಭದ ದಿನಗಳ ನೋವು, ಬಿಸಿ, ಸುಸ್ತುಗಳಲ್ಲಿ ಹೆಚ್ಚಿನವು ವೈರಸ್ಸಿನ ವಿರುದ್ಧ ನಮ್ಮ ದೇಹ ಎಬ್ಬಿಸುವ ಪ್ರತಿಕ್ರಿಯೆ. ಒಳಬಂದ ವೈರಸ್ ಯಾವುದಾದರೂ ದೇಹ ಮೊದಲು ಪ್ರತಿಭಟಿಸುವ ಬಗೆ ಹೆಚ್ಚುಕಡಿಮೆ ಒಂದೇ. ಇದರ ಜೊತೆಗೆ, ವಿಶ್ವ ಆರೋಗ್ಯ ಸಂಸ್ಥೆ ಹೇಳುವಂತೆ ಡೆಂಗಿ ಸೋಂಕು ತಗುಲಿದವರಲ್ಲಿ ಬಹುಪಾಲು ಮಂದಿಗೆ ಏನೂ ಆಗುವುದಿಲ್ಲ, ಇಲ್ಲವೇ ತುಂಬ ಸೌಮ್ಯ ಜ್ವರವಷ್ಟೇ ಬಂದು ಹೋಗುತ್ತದೆ. ಹಾಗಾಗಿ 'ಜೋರಾಗಿದ್ದರೆ ಡೆಂಗಿ, ಸಾಧಾರಣವಿದ್ದರೆ ವೈರಲ್' ಎಂಬ ಲೆಕ್ಕ ಎರಡೂ ಕಡೆಯಿಂದ ತಪ್ಪುತ್ತದೆ.

ಇಲ್ಲಿ ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಡೆಂಗಿ ಹೌದೋ ಅಲ್ಲವೋ ಎಂಬ ಒಂದೇ ಪ್ರಶ್ನೆಗೆ ಕಟ್ಟುಬಿದ್ದರೆ, ಅದೇ ಮಳೆಗಾಲದಲ್ಲಿ ಬರುವ, ನಿರ್ದಿಷ್ಟ ಔಷಧಿಯಿಂದಲೇ ವಾಸಿಯಾಗುವ ಜ್ವರಗಳು ಕಣ್ತಪ್ಪುತ್ತವೆ. ಕರಾವಳಿಯಲ್ಲಿ, ಅದರಲ್ಲೂ ಮಂಗಳೂರಿನ ಸುತ್ತ, ಮಲೇರಿಯಾದ ಹಳೆಯ ನೆಲೆಯಿದೆ. ಮಲೇರಿಯಾದಲ್ಲೂ ಪ್ಲೇಟ್‌ಲೆಟ್ ಇಳಿಯುತ್ತದೆ. ಗದ್ದೆಯ ಕೆಸರಿನಲ್ಲಿ ನಿಂತು ನಾಟಿ ಮಾಡುವವರಿಗೆ, ನಿಂತ ನೀರಿನಲ್ಲಿ ಬರಿಗಾಲಲ್ಲಿ ಓಡಾಡುವವರಿಗೆ ತಗಲುವ ಇಲಿಜ್ವರದಲ್ಲಿ ಮೀನಖಂಡ ಮುಟ್ಟಲಾಗದಷ್ಟು ನೋಯುತ್ತದೆ, ಕಣ್ಣು ಕೆಂಪಾಗುತ್ತದೆ, ಮುಂದೆ ಕಾಮಾಲೆ ಕಾಣಿಸಿಕೊಂಡು ಮೂತ್ರಪಿಂಡಕ್ಕೂ ಪೆಟ್ಟು ಬೀಳಬಹುದು. ಪೊದೆ, ಹುಲ್ಲುಗಾವಲುಗಳಲ್ಲಿ ಓಡಾಡಿದವರಿಗೆ ಚಿಗಟದಂಥ ಸಣ್ಣ ನುಸಿ ಕಚ್ಚಿ ಬರುವ ಸ್ಕ್ರಬ್ ಟೈಫಸ್ಸಿನಲ್ಲಿ ಕಂಕುಳಲ್ಲೋ ತೊಡೆಸಂದಿಯಲ್ಲೋ ಸಿಗರೇಟಿನಿಂದ ಸುಟ್ಟಂಥ ಕಪ್ಪು ಹಕ್ಕಳೆ ಇರಬಹುದು. ಬಟ್ಟೆ ಸರಿಸಿ ಹುಡುಕದಿದ್ದರೆ ಅದು ಕಾಣುವುದೇ ಇಲ್ಲ. ಟೈಫಾಯ್ಡ್ ಸಾಮಾನ್ಯವಾಗಿ ಮೆಟ್ಟಿಲು ಹತ್ತಿದಂತೆ ದಿನದಿಂದ ದಿನಕ್ಕೆ ಏರುತ್ತ ವಾರ ದಾಟಿದರೂ ಬಿಡದು. ಡೆಂಗಿ ಹರಡುವ ಈಡಿಸ್ ಸೊಳ್ಳೆಯೇ ತರುವ ಚಿಕೂನ್‌ಗುನ್ಯಾ ಬೆರಳು, ಮಣಿಕಟ್ಟು, ಹಿಮ್ಮಡಿಯ ಕೀಲುಗಳನ್ನು ಹಿಡಿದರೆ ಜ್ವರ ಹೋದರೂ ನೋವು ತಿಂಗಳುಗಟ್ಟಲೆ ಉಳಿಯುತ್ತದೆ. ಇವುಗಳಲ್ಲಿ ಮಲೇರಿಯಾ, ಇಲಿಜ್ವರ, ಸ್ಕ್ರಬ್ ಟೈಫಸ್, ಟೈಫಾಯ್ಡ್‌ಗಳಿಗೆ ಮದ್ದಿದೆ, ತಡವಾದಷ್ಟೂ ಅಪಾಯ. ಡೆಂಗಿಯ ವೈರಸ್ಸನ್ನು ಕೊಲ್ಲುವ ಮದ್ದು ವೈದ್ಯರ ಕೈಯಲ್ಲಿಲ್ಲ. ಆದ್ದರಿಂದ ಮೊದಲ ದಿನಗಳಲ್ಲಿ ವೈದ್ಯರಿಗೆ ರೋಗಿ ಕೊಡಬಹುದಾದ ಬೆಲೆಬಾಳುವ ಮಾಹಿತಿ ಎಂದರೆ ತನ್ನ ಅನುಮಾನವಲ್ಲ, ತನ್ನ ಓಡಾಟ: ಗದ್ದೆಗೆ ಇಳಿದಿದ್ದೆ, ತೋಟದಲ್ಲಿ ಕೆಲಸ ಮಾಡಿದ್ದೆ, ಕಟ್ಟಡದ ಕೆಲಸದ ಜಾಗದಲ್ಲಿ ಮಲಗಿದ್ದೆ, ಪಕ್ಕದ ಮನೆಯವರಿಗೆ ಡೆಂಗಿ ಎಂದು ಬಂದಿತ್ತು.

ಹಾಗಾದರೆ ರಕ್ತಪರೀಕ್ಷೆ ಇದೆಯಲ್ಲ, ಊಹೆ ಯಾಕೆ ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಮಾತು. 2024ರಲ್ಲಿ ಸರ್ಕಾರ ಖಾಸಗಿ ಲ್ಯಾಬುಗಳಿಗೆ ಬೆಲೆಯ ಮಿತಿ ಹಾಕಿ ಎನ್‌ಎಸ್1 ಮತ್ತು ಐಜಿಎಂ ಎಲೈಸಾ ಪರೀಕ್ಷೆಗಳಿಗೆ ತಲಾ 300 ರೂಪಾಯಿ, ಕಾರ್ಡ್ ಪರೀಕ್ಷೆಗೆ 250 ರೂಪಾಯಿ ಎಂದು ಗೊತ್ತುಮಾಡಿದ್ದು ಒಳ್ಳೆಯ ಹೆಜ್ಜೆಯೇ. ಆದರೆ ಈ ಪರೀಕ್ಷೆಗಳ ಉತ್ತರ ಜ್ವರದ ಎಷ್ಟನೆಯ ದಿನ ರಕ್ತ ಕೊಟ್ಟಿರಿ ಎಂಬುದರ ಮೇಲೆ ನಿಂತಿದೆ. ಎನ್‌ಎಸ್1 ಎಂಬುದು ವೈರಸ್ಸೇ ರಕ್ತಕ್ಕೆ ಬಿಡುವ ಪ್ರೋಟೀನು. ಜ್ವರದ ಮೊದಲ ಐದು ದಿನಗಳಲ್ಲಿ ಸಿಗುವ ಸಾಧ್ಯತೆ ಹೆಚ್ಚು, ಆಮೇಲೆ ಕಡಿಮೆಯಾಗುತ್ತದೆ. ಐಜಿಎಂ ನಮ್ಮ ದೇಹ ತಯಾರಿಸುವ ಪ್ರತಿಕಾಯ. ಅದು ಕಾಣಿಸಿಕೊಳ್ಳಲು ನಾಲ್ಕೈದು ದಿನ ಬೇಕು, ಒಮ್ಮೆ ಬಂದರೆ ಎರಡು ಮೂರು ತಿಂಗಳು ರಕ್ತದಲ್ಲಿ ಉಳಿದಿರಬಹುದು. ಎರಡನೆಯ ದಿನ ಐಜಿಎಂ ಮಾತ್ರ ಮಾಡಿಸಿ 'ಇಲ್ಲ' ಎಂದು ಬಂದರೆ ಅದಕ್ಕೆ ಅರ್ಥವಿಲ್ಲ. ಎರಡು ತಿಂಗಳ ಹಿಂದೆ ಗೊತ್ತಿಲ್ಲದೆ ಡೆಂಗಿ ಬಂದುಹೋದವರಿಗೆ ಈಗ ಇಲಿಜ್ವರ ಬಂದಿದ್ದರೂ ಐಜಿಎಂ 'ಹೌದು' ಎನ್ನಬಹುದು. ಇದಕ್ಕಿಂತ ಗಂಭೀರವಾದ ಸಂಗತಿ ಬೇರೊಂದಿದೆ. ಡೆಂಗಿ ವೈರಸ್ಸಿನಲ್ಲಿ ನಾಲ್ಕು ಪ್ರಭೇದಗಳಿವೆ. ಒಮ್ಮೆ ಒಂದು ಬಂದು ವಾಸಿಯಾದವರಿಗೆ ಅದೇ ಪ್ರಭೇದ ಮತ್ತೆ ತೊಂದರೆ ಕೊಡದಿದ್ದರೂ ಇನ್ನೊಂದು ಪ್ರಭೇದ ತಗುಲಿದಾಗ ಕಾಯಿಲೆ ಉಲ್ಬಣಿಸುವ ಸಂಭವ ಹೆಚ್ಚು. ಕ್ಯೂಬಾದಲ್ಲಿ 1977ರಲ್ಲಿ ಒಂದನೆಯ ಪ್ರಭೇದ ಹರಡಿ, 1981ರಲ್ಲಿ ಎರಡನೆಯದು ಬಂದಾಗ 158 ಮಂದಿ ಸತ್ತರು. ಎರಡನೆಯ ಸೋಂಕಿನ ಅಪಾಯವನ್ನು ಜಗತ್ತಿಗೆ ಸ್ಪಷ್ಟವಾಗಿ ತೋರಿಸಿದ ಘಟನೆಗಳಲ್ಲಿ ಅದೂ ಒಂದು. ಎನ್‌ಎಸ್1 ಪರೀಕ್ಷೆ ಹೆಚ್ಚು ತಪ್ಪುವುದು ಇಂಥ ಎರಡನೆಯ ಸೋಂಕಿನಲ್ಲೇ, ಯಾಕೆಂದರೆ ಹಳೆಯ ಪ್ರತಿಕಾಯಗಳು ಆ ಪ್ರೋಟೀನನ್ನು ಬೇಗ ಹಿಡಿದುಬಿಡುತ್ತವೆ. ಅಂದರೆ ಹೆಚ್ಚು ಅಪಾಯದಲ್ಲಿರುವ ರೋಗಿಗೇ ಲ್ಯಾಬಿನಿಂದ 'ಡೆಂಗಿ ಇಲ್ಲ' ಎಂಬ ಚೀಟಿ ಸಿಕ್ಕಿಬಿಡಬಹುದು. ಪರೀಕ್ಷೆ ಬೇಡ ಎಂದು ಇದರ ಅರ್ಥವಲ್ಲ. ಊರಿನಲ್ಲಿ ರೋಗ ಎಲ್ಲಿ ಹರಡುತ್ತಿದೆ ಎಂದು ಆರೋಗ್ಯ ಇಲಾಖೆಗೆ ತಿಳಿಯುವುದು ಪರೀಕ್ಷೆಯಿಂದಲೇ. ಗರ್ಭಿಣಿಯರು, ಹಸುಗೂಸುಗಳು, ವಯಸ್ಸಾದವರು, ಸಕ್ಕರೆ ಕಾಯಿಲೆ ಇರುವವರ ವಿಷಯದಲ್ಲಿ ಬೇಗ ತಿಳಿದರೆ ಬೇಗ ಎಚ್ಚರವಾಗಬಹುದು. ಆದರೆ 'ನೆಗೆಟಿವ್' ಎಂದು ಬಂದ ಕಾಗದವನ್ನು ನಂಬಿ ಮುಂದಿನ ನಾಲ್ಕು ದಿನ ನಿಶ್ಚಿಂತರಾಗುವುದು ಸಲ್ಲದು.

ಈಗ ಜ್ವರ ಇಳಿಯುವ ದಿನಕ್ಕೆ ಬರೋಣ. ಸಾಮಾನ್ಯ ವೈರಲ್ ಜ್ವರದಲ್ಲಿ ಮೈ ತಣ್ಣಗಾದರೆ ಉಳಿದದ್ದೂ ಹಿಂದೆಯೇ ಸರಿಹೋಗುತ್ತದೆ. ಬಾಯಿರುಚಿ ಮರಳುತ್ತದೆ, ರೋಗಿ ಎದ್ದು ಕೂತು ಗಂಜಿ ಬೇಡ ಅನ್ನ ಕೊಡಿ ಎನ್ನುತ್ತಾರೆ. ಡೆಂಗಿ ಬಂದ ಹೆಚ್ಚಿನವರಲ್ಲೂ ಹೀಗೆಯೇ ಆಗುತ್ತದೆ. ಕೆಲವರಲ್ಲಿ ಮಾತ್ರ, ಜ್ವರ ಶುರುವಾದ ಮೂರನೆಯ ದಿನದಿಂದ ಏಳನೆಯ ದಿನದೊಳಗೆ, ಉಷ್ಣತೆ 100 ಡಿಗ್ರಿಗಿಂತ ಕೆಳಗಿಳಿಯುವ ಹೊತ್ತಿಗೆ ಸರಿಯಾಗಿ, ಇನ್ನೊಂದು ಪ್ರಕ್ರಿಯೆ ಆರಂಭವಾಗುತ್ತದೆ. ಸೂಕ್ಷ್ಮ ರಕ್ತನಾಳಗಳ ಒಳಗೋಡೆ ಸಡಿಲಗೊಂಡು ರಕ್ತದ ನೀರಿನಂಶ, ಅಂದರೆ ಪ್ಲಾಸ್ಮಾ, ಹೊಟ್ಟೆಯೊಳಗೂ ಶ್ವಾಸಕೋಶದ ಸುತ್ತಲೂ ಒಸರತೊಡಗುತ್ತದೆ. ಒಲೆಯ ಮೇಲೆ ನೀರಿಂಗಿದ ಸಾರಿನಂತೆ ನಾಳದಲ್ಲಿ ಉಳಿದ ರಕ್ತ ಗಟ್ಟಿಯಾಗುತ್ತದೆ. ರಕ್ತಪರೀಕ್ಷೆಯ ಚೀಟಿಯಲ್ಲಿ ಪಿಸಿವಿ ಅಥವಾ ಹೆಮಟೋಕ್ರಿಟ್ ಎಂಬ ಸಾಲು ಇದನ್ನೇ ಹೇಳುತ್ತದೆ. ರೋಗಿಯ ಮೊದಲಿನ ಮಟ್ಟಕ್ಕಿಂತ ಅದು ಶೇ 20ರಷ್ಟು ಏರಿದರೆ ಸೋರಿಕೆ ಗಣನೀಯ ಎಂದು ಲೆಕ್ಕ. ಈ ಅಪಾಯದ ಅವಧಿ ಇರುವುದು 24ರಿಂದ 48 ಗಂಟೆ ಮಾತ್ರ. ಅಷ್ಟರೊಳಗೆ ಹೋದ ನೀರಿನಂಶವನ್ನು ಅಳತೆಯಿಂದ ತುಂಬಿಕೊಟ್ಟರೆ ರೋಗಿ ಬದುಕುತ್ತಾರೆ. ಸರಿಯಾದ ಆರೈಕೆ ಸಿಕ್ಕ ಕಡೆ ಸಾವಿನ ಪ್ರಮಾಣ ಶೇ 1ಕ್ಕಿಂತ ಕಡಿಮೆ. ಗಮನಿಸದೆ ಬಿಟ್ಟರೆ ರಕ್ತದೊತ್ತಡ ಕುಸಿದು ಅಂಗಾಂಗಗಳು ಸೋಲುತ್ತವೆ. ಈ ಕುಸಿತ ಕಣ್ಣಿಗೆ ಮೋಸ ಮಾಡುವ ರೀತಿ ಭಯ ಹುಟ್ಟಿಸುವಂಥದ್ದು. ಆರಂಭದಲ್ಲಿ ರೋಗಿಗೆ ಪೂರ್ತಿ ಎಚ್ಚರವಿರುತ್ತದೆ, ಕೇಳಿದ್ದಕ್ಕೆ ಸರಿಯಾಗಿ ಉತ್ತರಿಸುತ್ತಾರೆ. ಬಿ.ಪಿ. 100/80 ಎಂದಿದ್ದರೆ ಮೇಲಿನ ಅಂಕಿ ನೂರಿದೆಯಲ್ಲ ಎಂದು ಮನೆಯವರು ಸಮಾಧಾನ ಪಡುತ್ತಾರೆ. ಆದರೆ ಮೇಲಿನ ಮತ್ತು ಕೆಳಗಿನ ಅಂಕಿಗಳ ನಡುವಿನ ಅಂತರ 20ಕ್ಕೆ ಇಳಿದಿದೆ ಎಂದರೆ ದೇಹ ನಾಳಗಳನ್ನು ಬಿಗಿಹಿಡಿದು ಹೇಗೋ ಒತ್ತಡ ಕಾಯ್ದುಕೊಂಡಿದೆ ಎಂದರ್ಥ, ಆಘಾತದ ಮೊದಲ ಹಂತ ಅದು. ಆಗ ಕೈಕಾಲು ತಣ್ಣಗಾಗಿರುತ್ತವೆ, ಉಗುರು ಒತ್ತಿ ಬಿಟ್ಟರೆ ಬಣ್ಣ ಮರಳಲು ತಡವಾಗುತ್ತದೆ.

ಹಾಗಾಗಿ ಮನೆಯವರು ಕೇಳಿಕೊಳ್ಳಬೇಕಾದ ಪ್ರಶ್ನೆ ಹೀಗಿರಬೇಕು: ಇಂದು ಜ್ವರದ ಎಷ್ಟನೆಯ ದಿನ, ಮತ್ತು ಮಾತ್ರೆಯ ಬಲವಿಲ್ಲದೆ ಜ್ವರ ಇಳಿದ ಮೇಲೆ ರೋಗಿ ಚೇತರಿಸಿಕೊಂಡರೋ ಇನ್ನೂ ಕುಗ್ಗಿದರೋ? ಜ್ವರ ಶುರುವಾದ ದಿನ ಮತ್ತು ಹೊತ್ತನ್ನು ಕ್ಯಾಲೆಂಡರಿನ ಮೇಲೆ ಬರೆದಿಟ್ಟರೆ ಸಾಕು, ಅರ್ಧ ಕೆಲಸ ಆದಂತೆ. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಡೆಂಗಿಯ ವರ್ಗೀಕರಣವನ್ನು ಬದಲಿಸಿ ಎಚ್ಚರಿಕೆಯ ಚಿಹ್ನೆಗಳನ್ನು ಮುಂದೆ ತಂದದ್ದು ಇದೇ ಕಾರಣಕ್ಕೆ. ಬಿಡದ ಹೊಟ್ಟೆನೋವು, ಪದೇಪದೇ ವಾಂತಿ, ಒಸಡು ಅಥವಾ ಮೂಗಿನಿಂದ ರಕ್ತ, ಕಪ್ಪು ಮಲ, ಹೆಂಗಸರಲ್ಲಿ ಅಕಾಲದಲ್ಲಿ ಅಥವಾ ವಿಪರೀತವಾಗಿ ಹೋಗುವ ಮುಟ್ಟಿನ ರಕ್ತ, ಉಸಿರಾಡಲು ಕಷ್ಟ, ಮಂಕು ಹಿಡಿದಂಥ ತೂಕಡಿಕೆ ಅಥವಾ ಮಕ್ಕಳಲ್ಲಿ ಸಮಾಧಾನವಾಗದ ಕಿರಿಕಿರಿ, ಆರು ಗಂಟೆ ಕಳೆದರೂ ಮೂತ್ರ ಬಾರದಿರುವುದು. ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯುವಂತಿಲ್ಲ. ಇವು ಜ್ವರ ಇರುವಾಗಲೇ ಕಾಣಿಸಿಕೊಳ್ಳುವುದೂ ಉಂಟು, ಆಗಲೂ ಮಾತು ಅದೇ. ಅದು ಡೆಂಗಿಯೋ ಇಲಿಜ್ವರವೋ ಎಂಬುದನ್ನು ಆಸ್ಪತ್ರೆಯಲ್ಲಿ ನೋಡಿಕೊಳ್ಳಬಹುದು.

ಇಷ್ಟೆಲ್ಲ ಹೇಳಿದರೂ ಓದುಗರ ಮನಸ್ಸಿನಲ್ಲಿ ಪ್ಲೇಟ್‌ಲೆಟ್ ಉಳಿದೇ ಇರುತ್ತದೆ. ಡೆಂಗಿ ಎಂದರೆ ಪ್ಲೇಟ್‌ಲೆಟ್ ಎಂಬಷ್ಟು ಅದು ಊರ ಮಾತಾಗಿದೆ. 'ನಲವತ್ತು ಸಾವಿರಕ್ಕೆ ಬಂದಿದೆಯಂತೆ' ಎಂಬ ಸುದ್ದಿ ಕೇಳಿ ನೆಂಟರೆಲ್ಲ ಆಸ್ಪತ್ರೆಗೆ ಓಡುತ್ತಾರೆ, ರಕ್ತದಾನಿಗಳಿಗಾಗಿ ವಾಟ್ಸ್ಯಾಪ್ ಸಂದೇಶಗಳು ಹಾರಾಡುತ್ತವೆ. ಆ ಸಂಖ್ಯೆಗೆ ಬೆಲೆಯೇ ಇಲ್ಲವೆಂದಲ್ಲ. ಅದು ವೇಗವಾಗಿ ಇಳಿಯುತ್ತಿದ್ದು, ಜೊತೆಗೆ ಪಿಸಿವಿ ಏರುತ್ತಿದ್ದರೆ ಸೋರಿಕೆ ಶುರುವಾಗಿದೆ ಎಂಬ ಗಟ್ಟಿ ಸೂಚನೆ. ಆದರೆ ಪ್ಲೇಟ್‌ಲೆಟ್ ಒಂದನ್ನೇ ಹಿಡಿದು ಅಪಾಯ ಅಳೆಯಲಾಗದು. ಸಂಖ್ಯೆ ಮೂವತ್ತು ಸಾವಿರಕ್ಕೆ ಇಳಿದೂ ಹಾಸಿಗೆಯಲ್ಲಿ ಕೂತು ಊಟ ಮಾಡುವವರಿದ್ದಾರೆ. ಎಂಬತ್ತು ಸಾವಿರವಿದ್ದೂ ಆಘಾತಕ್ಕೆ ಜಾರುವವರಿದ್ದಾರೆ. ಯಂತ್ರ ಎಣಿಸುವಾಗ ಪ್ಲೇಟ್‌ಲೆಟ್‌ಗಳು ಗುಂಪುಗಟ್ಟಿದ್ದರೆ ಸಂಖ್ಯೆ ಸುಳ್ಳಾಗಿ ಕಡಿಮೆ ಬರುವುದೂ ಉಂಟು. ಇನ್ನು ಪ್ಲೇಟ್‌ಲೆಟ್ ಏರಿಸುವ ವಿಚಾರ. ಸಿಂಗಪುರ ಮತ್ತು ಮಲೇಷ್ಯಾದ ಆಸ್ಪತ್ರೆಗಳಲ್ಲಿ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನವೊಂದು, ಪ್ಲೇಟ್‌ಲೆಟ್ ಇಪ್ಪತ್ತು ಸಾವಿರ ಅಥವಾ ಅದಕ್ಕಿಂತ ಕಡಿಮೆಯಿದ್ದು ರಕ್ತಸ್ರಾವವಿಲ್ಲದ ವಯಸ್ಕ ಡೆಂಗಿ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಮುಂಜಾಗ್ರತೆಯಾಗಿ ಪ್ಲೇಟ್‌ಲೆಟ್ ಕೊಟ್ಟು ನೋಡಿತು. ರಕ್ತಸ್ರಾವ ತಡೆಯುವುದರಲ್ಲಿ ಆ ಗುಂಪಿಗೆ ಹೆಚ್ಚಿನ ಲಾಭವೇನೂ ಕಾಣಲಿಲ್ಲ. ಅಡ್ಡಪರಿಣಾಮಗಳು ಮಾತ್ರ ಹೆಚ್ಚಿದವು. ರಕ್ತ ಹೋಗುತ್ತಿರುವವರಿಗೆ, ಸಂಖ್ಯೆ ತೀರ ಪಾತಾಳಕ್ಕಿಳಿದವರಿಗೆ ವೈದ್ಯರು ಕೊಡುವುದು ಬೇರೆ ಮಾತು. ಪರಂಗಿ ಎಲೆಯ ರಸದ ಬಗ್ಗೆಯೂ ಇದೇ ನ್ಯಾಯ. ಅದರಿಂದ ಪ್ಲೇಟ್‌ಲೆಟ್ ತುಸು ಬೇಗ ಏರುತ್ತದೆ ಎಂದು ಕೆಲವು ಸಣ್ಣ ಅಧ್ಯಯನಗಳು ಹೇಳಿವೆ, ಅಲ್ಲಗಳೆಯಬೇಕಿಲ್ಲ. ಆದರೆ ಕೊಲ್ಲುವುದು ಸೋರಿಕೆ. ಅದನ್ನು ಆ ರಸ ತಡೆಯುತ್ತದೆ ಎಂಬುದಕ್ಕೆ ಆಧಾರವಿಲ್ಲ. ಮೊದಲೇ ವಾಂತಿಯಾಗುತ್ತಿರುವವರಿಗೆ ಆ ಕಹಿ ರಸ ಕುಡಿಸಿ ಇನ್ನಷ್ಟು ವಾಂತಿ ಮಾಡಿಸಿದರೆ ಒಳಗೆ ನಿಲ್ಲಬೇಕಾದ ನೀರೂ ಹೊರಗೆ ಹೋಗುತ್ತದೆ. ಓಆರ್‌ಎಸ್, ಉಪ್ಪು ಹಾಕಿದ ಗಂಜಿ, ಎಳನೀರು, ಮಜ್ಜಿಗೆ, ತಿಳಿಸಾರು ಇವು ಗುಟುಕು ಗುಟುಕಾಗಿ ಒಳಗೆ ಹೋಗಿ ನಾಲ್ಕಾರು ಗಂಟೆಗೊಮ್ಮೆ ಮೂತ್ರ ಬರುತ್ತಿದ್ದರೆ ಮನೆಯ ಆರೈಕೆ ಸರಿಯಾಗಿ ನಡೆದಿದೆ ಎಂದೇ ತಿಳಿಯಬೇಕು.

ಮೊದಲ ದಿನಗಳಲ್ಲಿ ಹೆಸರು ತಿಳಿಯದಿದ್ದರೂ ನಡೆಯುತ್ತದೆ ಎಂದರೆ ಏನು ಮಾಡಿದರೂ ನಡೆಯುತ್ತದೆ ಎಂದಲ್ಲ. ಮಳೆಗಾಲದ ಯಾವ ಜ್ವರವನ್ನೂ ಡೆಂಗಿ ಇರಬಹುದು ಎಂದುಕೊಂಡೇ ನೋಡಿಕೊಂಡರೆ ಕಳೆದುಕೊಳ್ಳುವುದೇನೂ ಇಲ್ಲ. ಜ್ವರಕ್ಕೆ ಪ್ಯಾರಸಿಟಮಾಲ್ ಒಂದೇ ಸಾಕು, ಅದೂ ವೈದ್ಯರು ಹೇಳಿದ ಅಳತೆಯಲ್ಲಿ. ಡೆಂಗಿ ತಾನೇ ಯಕೃತ್ತಿಗೆ ಪೆಟ್ಟು ಕೊಡುವಾಗ ಮಾತ್ರೆಯ ಮೇಲೆ ಮಾತ್ರೆ ನುಂಗುವುದು ಅಪಾಯ. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್, ಮೆಫೆನಮಿಕ್ ಆ್ಯಸಿಡ್ ಹೊಟ್ಟೆಯಲ್ಲಿ ರಕ್ತಸ್ರಾವ ಮಾಡಿಸಬಲ್ಲವು. ಅಂಗಡಿಯಲ್ಲಿ 'ಜ್ವರ, ಮೈಕೈ ನೋವಿಗೆ ಕೊಡಿ' ಎಂದರೆ ಸಿಗುವ ಅನೇಕ ಮಾತ್ರೆಗಳಲ್ಲಿ, ಮಕ್ಕಳ ಸಿರಪ್ಪುಗಳಲ್ಲಿ, ಪ್ಯಾರಸಿಟಮಾಲ್ ಜೊತೆ ಇವುಗಳಲ್ಲೊಂದು ಬೆರೆತಿರುತ್ತದೆ. ಪೊಟ್ಟಣದ ಹಿಂದಿನ ಸಾಲು ಓದುವುದು ವ್ಯರ್ಥ ಶ್ರಮವಲ್ಲ. 'ಒಂದು ಇಂಜೆಕ್ಷನ್ ಹಾಕಿಬಿಡಿ' ಎಂದು ನಾವೇ ಒತ್ತಾಯಿಸುವ ರೂಢಿಯೂ ಈ ಕಾಲದಲ್ಲಿ ಕೆಟ್ಟದ್ದು. ಸೊಂಟಕ್ಕೆ ಚುಚ್ಚುವ ನೋವಿನ ಮದ್ದು ಹಲವು ಸಲ ಡೈಕ್ಲೊಫೆನಾಕ್ ಆಗಿರುತ್ತದೆ, ಪ್ಲೇಟ್‌ಲೆಟ್ ಕಡಿಮೆಯಾದವರಿಗೆ ಚುಚ್ಚಿದ ಜಾಗದಲ್ಲೇ ರಕ್ತ ಹೆಪ್ಪುಗಟ್ಟಿ ಬಾತುಕೊಳ್ಳಬಹುದು. ಡ್ರಿಪ್ ಹಾಕಿದರೆ ಬೇಗ ಹುಷಾರಾಗುತ್ತದೆ ಎಂಬ ನಂಬಿಕೆಗೂ ಮಿತಿಯಿದೆ. ಸೋರಿಕೆ ನಿಂತ ಮೇಲೆ ಹೊರಗೆ ಹೋದ ನೀರು ತಾನಾಗಿ ನಾಳಕ್ಕೆ ಮರಳುತ್ತದೆ. ಆಗಲೂ ಬಾಟಲಿ ಏರಿಸುತ್ತಲೇ ಹೋದರೆ ನೀರು ಶ್ವಾಸಕೋಶದಲ್ಲಿ ನಿಂತು ಉಸಿರಾಟಕ್ಕೆ ಕುತ್ತಾಗುತ್ತದೆ.

ಪ್ರತಿ ಜ್ವರಕ್ಕೂ ಐದಾರು ದಿನ ಹೀಗೆ ಕಾವಲು ಕೂರಲು ದಿನಗೂಲಿಯ ಮನೆಗೆ ಸಾಧ್ಯವೇ ಎಂಬುದು ನಿಜವಾದ ಆಕ್ಷೇಪ, ಮತ್ತು ಅದಕ್ಕೆ ಮನೆಯವರಿಗೆ ಬುದ್ಧಿ ಹೇಳಿ ಉತ್ತರಿಸಲಾಗದು. ಜ್ವರ ಬಿಟ್ಟ ಮರುದಿನವೇ ಕೆಲಸಕ್ಕೆ ಹೋಗದಿದ್ದರೆ ಕೂಲಿ ಸಿಗದವರು ಹೊಟ್ಟೆನೋವನ್ನು ಹೇಳಿಕೊಳ್ಳದೆಯೇ ಹೊರಡುತ್ತಾರೆ. ಆದರೆ ಕಾಯಬೇಕಾದ ಅವಧಿ ಎಷ್ಟು ಚಿಕ್ಕದು ಎಂಬುದನ್ನೂ ನೋಡಬೇಕು: ಜ್ವರ ಇಳಿದ ಹೊತ್ತಿನಿಂದ ಎರಡು ದಿನ. ಅಷ್ಟಕ್ಕೆ ಬೇಕಾದ ಏರ್ಪಾಡು ದೊಡ್ಡದಲ್ಲ. ಲಾರ್ವಾ ಹುಡುಕಲು ಡ್ರಮ್ಮು, ಸಂಪು, ಹೂಕುಂಡ, ಅಡಿಕೆ ಹಾಳೆಗಳನ್ನು ನೋಡುತ್ತ ಮನೆಮನೆ ಸುತ್ತುವ ಆಶಾ ಕಾರ್ಯಕರ್ತೆಯರಿಗೆ ಜ್ವರದವರು ಎಲ್ಲಿದ್ದಾರೆಂದು ಗೊತ್ತಿರುತ್ತದೆ. ಜ್ವರ ಬಿಟ್ಟ ದಿನ ಇನ್ನೊಮ್ಮೆ ಆ ಬಾಗಿಲಿಗೆ ಹೋಗಿ ಮೂತ್ರ ಹೋಗುತ್ತಿದೆಯೇ, ಹೊಟ್ಟೆ ನೋಯುತ್ತಿದೆಯೇ ಎಂದು ಕೇಳುವುದನ್ನು ಅವರ ಕೆಲಸದ ಪಟ್ಟಿಗೆ ಸೇರಿಸಿ, ಅದಕ್ಕೆ ತಕ್ಕ ಪ್ರೋತ್ಸಾಹಧನ ಕೊಡಬೇಕು. ಗುತ್ತಿಗೆದಾರರು, ಕಾರ್ಖಾನೆಯವರು ಮಳೆಗಾಲದ ಜ್ವರದ ರಜೆಗೆ ಆ ಎರಡು ದಿನವನ್ನು ಸಂಬಳಸಹಿತ ಸೇರಿಸಬೇಕು. ಕ್ಲಿನಿಕ್ಕುಗಳು ಔಷಧಿ ಚೀಟಿಯ ಮೇಲೆ ಇಂದು ಜ್ವರದ ಎಷ್ಟನೆಯ ದಿನ, ಮತ್ತೆ ಯಾವತ್ತು ಬರಬೇಕು, ಅಷ್ಟರೊಳಗೆ ಏನು ಕಂಡರೆ ಕೂಡಲೇ ಬರಬೇಕು ಎಂಬ ಮೂರು ಸಾಲನ್ನು ಕನ್ನಡದಲ್ಲಿ ಬರೆದುಕೊಡಬೇಕು. ಅವರು ಬರೆಯದಿದ್ದರೆ ನಾವೇ ಕೇಳಿ ಬರೆಸಿಕೊಳ್ಳಬಹುದು.